‘ಟಕ್’ ಅಂದರೆ ಸಾಲದು

ಹಿಂದಿನ ಸಲ ಗ್ರ್ಯಾಂಡ್ ಕ್ಯಾನ್ಯನ್ ಪ್ರವಾಸದ ಬಗ್ಗೆ ಬರೆದಿದ್ದೆನಲ್ಲ, ಅದನ್ನು ಓದಿದ ಒಬ್ಬರು ಒಂದು ಪ್ರಶ್ನೆ ಕೇಳಿದ್ದಾರೆ. ‘ಅಷ್ಟು ದೊಡ್ಡ ಮನೆಯನ್ನು ಗಾಡಿ ಹಿಂದೆ ಎಳ್ಕೊಂಡು ಊರೂರು ಸುತ್ತುತ್ತೀರಲ್ಲ ಮೇಡಂ, ಅದು ಕಳಚಿಕೊಂಡು ಬಿದ್ದರೆ ಏನು ಗತಿ?’

ಆ ಪತ್ರ ಓದಿ ನಮ್ಮನೆಯವರ ಮುಖ ನೋಡಿದೆ. ಅವರು ನನ್ನ ಮುಖ ನೋಡಿ ಪೇಪರಿನ ಹಿಂದೆ ಮರೆಯಾದರು. ಯಾಕೆಂದರೆ ನಮ್ಮದು ಒಂದು ಸಲ ಬಿದ್ದಿದೆ! ಇಷ್ಟು ದಿನ ಈ ಅಂಕಣದಲ್ಲಿ ಆ ವಿಷಯ ಎತ್ತಿರಲಿಲ್ಲ. ಕೇಳಿದ ಮೇಲೆ ಮುಚ್ಚಿಡೋದು ಸರಿಯಲ್ಲ ಅಂತ ಇವತ್ತು ಬರೀತಿದ್ದೀನಿ.

ಮೊದಲು ಆ ಗಾಡಿ ಹೇಗಿರುತ್ತೆ ಅಂತ ಹೇಳಿಬಿಡ್ತೀನಿ. ಇವರು ರಿಟೈರ್ ಆದಮೇಲೆ ನಾವು ಕೊಂಡಿದ್ದು ‘ಫಿಫ್ತ್ ವೀಲ್’ ಅಂತ ಕರೆಯೋ ಟ್ರೇಲರ್ ಮನೆ. 32 ಅಡಿ ಉದ್ದ. ಒಳಗೆ ಮಂಚ, ಅಡುಗೆಮನೆ, ಬಚ್ಚಲು ಎಲ್ಲಾ ಇದೆ. ಅಕ್ಕಿ ಬೇಳೆ ನೀರು ತುಂಬಿದರೆ ಹತ್ತಿರ ಹತ್ತಿರ 5,000 ಕಿಲೋ ತೂಗುತ್ತೆ. ಅದನ್ನು ಎಳೆಯೋದು ಒಂದು ಪಿಕಪ್ ಟ್ರಕ್. ಸಾಮಾನ್ಯ ಟ್ರೇಲರುಗಳನ್ನು ಗಾಡಿಯ ಬಾಲಕ್ಕೆ ಸಿಕ್ಕಿಸುತ್ತಾರೆ. ಇದು ಹಾಗಲ್ಲ. ಇದರ ಮೂತಿ ಟ್ರಕ್ಕಿನ ಹಿಂದಿನ ತೊಟ್ಟಿಯ ಮೇಲೆ ಚಾಚಿಕೊಂಡು ಬರುತ್ತೆ. ಆ ಮೂತಿಯ ಕೆಳಗೆ ಎರಡು ಇಂಚು ದಪ್ಪದ ಒಂದು ಉಕ್ಕಿನ ಗೂಟ, ಅದಕ್ಕೆ ಕಿಂಗ್‌ಪಿನ್ ಅಂತಾರೆ. ಟ್ರಕ್ಕಿನ ತೊಟ್ಟಿಯಲ್ಲಿ, ಹಿಂದಿನ ಅಚ್ಚಿನ ನೇರಕ್ಕೆ, ಕುದುರೆ ಲಾಳದ ಹಾಗೆ ಬಾಯಿ ತೆರೆದ ಒಂದು ತಟ್ಟೆ ಇರುತ್ತೆ. ಟ್ರಕ್ಕು ರಿವರ್ಸ್ ಬಂದಾಗ ಗೂಟ ಆ ಬಾಯಿಯೊಳಗೆ ಹೋಗುತ್ತೆ, ಎರಡು ಉಕ್ಕಿನ ದವಡೆ ‘ಟಕ್’ ಅಂತ ಕಚ್ಚಿಕೊಳ್ಳುತ್ತೆ. ಮನೆಯ ಒಟ್ಟು ತೂಕದಲ್ಲಿ ಸುಮಾರು ಐದನೇ ಒಂದು ಭಾಗ, ಅಂದರೆ ನಮ್ಮ ಲೆಕ್ಕದಲ್ಲಿ 1,000 ಕಿಲೋ, ಆ ಗೂಟದ ಮೇಲೇ ಕೂತಿರುತ್ತೆ.

‘ಐದನೇ ಚಕ್ರ’ ಅನ್ನೋ ಹೆಸರು ಕುದುರೆ ಗಾಡಿ ಕಾಲದ್ದು. ನಾಲ್ಕು ಚಕ್ರದ ಸಾರೋಟು ತಿರುಗಬೇಕಾದರೆ ಮುಂದಿನ ಅಚ್ಚು ತಿರುಗಬೇಕಲ್ಲ, ಅದಕ್ಕೆ ಅಚ್ಚಿನ ಮೇಲೆ ಒಂದು ಚಕ್ರ ಮಲಗಿಸಿಡ್ತಿದ್ದರು. ಅದೇ ಐದನೇದು. 1914ರಲ್ಲಿ ಡೆಟ್ರಾಯಿಟ್‌ನ ಆಗಸ್ಟ್ ಫ್ರೂಹಾಫ್ ಅನ್ನೋ ಕಮ್ಮಾರ, ಮರದ ವ್ಯಾಪಾರಿಯೊಬ್ಬರ ದೋಣಿ ಸಾಗಿಸೋದಕ್ಕೆ ಫೋರ್ಡ್ ಕಾರಿನ ಹಿಂದೆ ಕಟ್ಟುವ ಗಾಡಿ ಮಾಡಿಕೊಟ್ಟರಂತೆ. ಇವತ್ತು ಮಂಗಳೂರು ಬಂದರಿನಿಂದ ಹೊರಡೋ ಕಂಟೇನರ್ ಲಾರಿಗಳೂ ಅದೇ ವಂಶದವು. ಮುಂದಿನ ಸಲ ಹೈವೇಯಲ್ಲಿ ಅಂಥ ಲಾರಿ ನಿಂತಿದ್ದರೆ ಇಂಜಿನ್ನಿಗೂ ಡಬ್ಬಕ್ಕೂ ನಡುವೆ ಬಗ್ಗಿ ನೋಡಿ, ತಟ್ಟೆ ಕಾಣುತ್ತೆ.

ಈಗ ಕಥೆಗೆ ಬರ್ತೀನಿ. ಅರಿಜೋನಾದಲ್ಲಿ ಕಾಟನ್‌ವುಡ್ ಅಂತ ಊರು. ಅಲ್ಲಿ ವರ್ಡೆ ನದಿ ಹತ್ತಿರ ಮೂರು ದಿನ ಬೀಡು ಬಿಟ್ಟಿದ್ದೆವು. ಮಗ ಸೊಸೆ ಅವರ ಕಾರಿನಲ್ಲಿ ಬಂದಿದ್ದರು. ಏಳು ವರ್ಷದ ಮೊಮ್ಮಗ ಮಾತ್ರ ನಮ್ಮ ಟ್ರಕ್ಕಿನಲ್ಲೇ ಬರ್ತೀನಿ ಅಂತ ಹಟ. ಹೊರಡೋ ದಿನ ಬೆಳಗ್ಗೆ ಒಂಬತ್ತು ಗಂಟೆ. ಇವರು ಟ್ರಕ್ ಹಿಂದಕ್ಕೆ ತರ್ತಿದ್ದರು, ನಾನು ಪಕ್ಕದಲ್ಲಿ ನಿಂತು ಕೈಸನ್ನೆ ಮಾಡ್ತಿದ್ದೆ. ಅಷ್ಟರಲ್ಲಿ ಮೈಸೂರಿಂದ ತಂಗಿ ಫೋನು. ಅಲ್ಲಿ ರಾತ್ರಿ ಒಂಬತ್ತೂವರೆ. ‘ಅಕ್ಕಾ, ಹುಡುಗನ ಕಡೆಯವರು ಒಪ್ಪಿದರು ಕಣೇ!’ ಅಂದಳು. ಎರಡು ವರ್ಷದಿಂದ ಕಾದಿದ್ದ ಸುದ್ದಿ. ಯಾರು ತಾನೇ ಫೋನ್ ಇಡ್ತಾರೆ ಹೇಳಿ?

‘ಟಕ್’ ಅಂತ ಸದ್ದು ಕೇಳಿಸ್ತು. ಇವರು ಕಿಟಕಿಯಿಂದ ತಲೆ ಹಾಕಿ, ‘ಕೂತ್ತಾ?’ ಅಂದರು. ನಾನು ಫೋನು ಕಿವಿಗೆ ಹಿಡ್ಕೊಂಡೇ ಹೆಬ್ಬೆರಳು ಎತ್ತಿದೆ. ದವಡೆಗೆ ಬೀಗ ಹಾಕೋದು ಯಾವಾಗಲೂ ನನ್ನ ಕೆಲಸ. ‘ಬೀಗ?’ ಅಂದರು. ‘ಆಯ್ತು ರೀ’ ಅಂದೆ. ಒಂದು ನಿಮಿಷದಲ್ಲಿ ಹಾಕ್ತೀನಲ್ಲ, ಆ ಧೈರ್ಯದಲ್ಲಿ ಹೇಳಿದ ಮಾತು ಅದು.

ಇವರು ಕರೆಂಟಿನ ವೈರು ಸಿಕ್ಕಿಸಿ, ಗುಂಡಿ ಒತ್ತಿ ಟ್ರೇಲರಿನ ಮುಂಗಾಲುಗಳನ್ನು ಪೂರ್ತಿ ಮೇಲಕ್ಕೆ ಮಡಚಿದರು. ಟ್ರಕ್ಕು ಹತ್ತಿದರು. ತಂಗಿ ಇನ್ನೂ ಛತ್ರದ ವಿಷಯ ಹೇಳ್ತಾನೇ ಇದ್ದಳು. ಟ್ರಕ್ಕು ನಾಲ್ಕು ಅಡಿ ಮುಂದೆ ಹೋಗಿರಬಹುದು. ಆ ಸದ್ದನ್ನು ಹೇಗೆ ಹೇಳಲಿ? ಗೋಡೆ ಕುಸಿದ ಹಾಗೆ. ಮನೆಯ ಮೂತಿ ಮುಗ್ಗರಿಸಿ ಟ್ರಕ್ಕಿನ ತೊಟ್ಟಿಯ ಮೇಲೆ ಕೂತುಬಿಟ್ಟಿತ್ತು. ಎರಡೂ ಪಕ್ಕದ ತಗಡು ಒಳಕ್ಕೆ ನೆಗ್ಗಿತ್ತು. ವೈರು ಕಿತ್ತು ನೇತಾಡ್ತಿತ್ತು. ಒಳಗೆ ಬೀರುವಿನ ಬಾಗಿಲು ತೆರೆದು ಬಟ್ಟಲು ಲೋಟ ಎಲ್ಲಾ ಉರುಳಿದ ಸದ್ದು.

ಮೊಮ್ಮಗ ಟ್ರಕ್ಕಿನ ಹಿಂದಿನ ಸೀಟಲ್ಲಿ ಬೆಲ್ಟ್ ಹಾಕ್ಕೊಂಡು ಕೂತಿದ್ದ. ಅವನಿಗೆ ಏನೂ ಆಗಲಿಲ್ಲ. ಆದರೆ ಹಿಂದಿನ ಎರಡು ಕ್ಯಾಂಪಿನಲ್ಲೂ ಅವನು ತೊಟ್ಟಿಯ ಅಂಚಿಗೆ ಎರಡು ಕೈ ಊರಿ, ಗಲ್ಲ ಇಟ್ಟು, ‘ತಾತ, ದವಡೆ ಕಚ್ಚೋದು ನೋಡಬೇಕು’ ಅಂತ ನಿಂತಿರ್ತಿದ್ದ. ನಾವೂ ನಿಲ್ಲಿಸಿಕೊಳ್ತಿದ್ದೆವು. ಅವತ್ತು ತಗಡು ನೆಗ್ಗಿದ್ದು ಅವನು ಕೈ ಊರುತ್ತಿದ್ದ ಜಾಗದಲ್ಲೇ.

ಮಗ ಓಡಿ ಬಂದ. ‘ಏನಪ್ಪಾ ಇದು? ನೋಡಲಿಲ್ವಾ?’ ಅಂತ ಅವರಪ್ಪನ ಮೇಲೆ ರೇಗಿದ. ಇವರು, ‘ನನ್ನದೇ ತಪ್ಪು ಕಣೋ, ಅವಸರ ಮಾಡಿದೆ’ ಅಂದರು. ನಾನು ಸುಮ್ಮನೆ ನಿಂತಿದ್ದೆ. ಪಕ್ಕದ ಬೀಡಿನ ಹಿರಿಯರೊಬ್ಬರು ಮರದ ದಿಮ್ಮಿಗಳನ್ನು ತಂದು ಮುಂಗಾಲುಗಳ ಕೆಳಗೆ ಇಟ್ಟು, ಕಾಲು ಇಳಿಸಿ ಮೂತಿಯನ್ನು ಮೇಲೆತ್ತಿಸಿದರು. ಟ್ರಕ್ಕು ಈಚೆ ಬಂತು. ಗೂಟ, ತಟ್ಟೆ, ಕಾಲು ಯಾವುದಾದರೂ ಬಿರುಕು ಬಿಟ್ಟಿದೆಯಾ ಅಂತ ಮೆಕ್ಯಾನಿಕ್ಕಿಗೆ ತೋರಿಸದೆ ಎಳೆಯಲೇಬೇಡಿ ಅಂದರು. ಎರಡು ದಿನ ಅಲ್ಲೇ ಉಳಿದೆವು.

ಅವತ್ತು ಸಂಜೆ ಸ್ವೆಟರ್ ಜೇಬಿಗೆ ಕೈ ಹಾಕಿದೆ. ಬೀಗ ಅಲ್ಲೇ ಇತ್ತು.

ದವಡೆಯ ಹಿಡಿ ಪೂರ್ತಿ ಒಳಗೆ ಹೋಗಿ ಕೂತರೆ ಮಾತ್ರ ಬೀಗದ ತೂತು ನೇರಕ್ಕೆ ಬರೋದು. ಹಿಡಿ ಒಂದು ಇಂಚು ಹೊರಗಿದ್ದರೂ ಬೀಗ ತೂರಲ್ಲ. ಅಂದರೆ ನಾನು ಅವತ್ತು ಹೇಳಿದ ಹಾಗೆ ಬೀಗ ಹಾಕೋಕೆ ಹೋಗಿದ್ದರೆ ಸಾಕಿತ್ತು, ‘ರೀ, ಇದು ಹೋಗ್ತಿಲ್ಲ’ ಅಂತಿದ್ದೆ. ಎಲ್ಲಾ ಅಲ್ಲಿಗೇ ನಿಲ್ತಿತ್ತು. ರಾತ್ರಿ ನಿದ್ದೆ ಬರಲಿಲ್ಲ. ಬೆಳಗ್ಗೆ ಕಾಫಿ ಕೊಡುವಾಗ ಲೋಟದ ಪಕ್ಕ ಬೀಗ ಇಟ್ಟೆ. ಇವರು ನೋಡಿದರು. ‘ಗೊತ್ತಿತ್ತು ಕಣೇ, ಹಿಡಿಯಲ್ಲಿ ಬೀಗ ಇರಲಿಲ್ಲ’ ಅಂದರು. ಮತ್ತೆ ಯಾಕೆ ಹೇಳಲಿಲ್ಲ ಅಂದೆ. ‘ನೀನು ಹೆಬ್ಬೆರಳು ಎತ್ತಿದೆ ಸರಿ. ಇಳಿದು ಬಂದು ನೋಡೋಕೆ ನನಗೇನಾಗಿತ್ತು?’ ಅಂದರು. ಮಗನಿಗೆ ನಾನೇ ಫೋನ್ ಮಾಡಿ ನಿಜ ಹೇಳಿದೆ. ಅವನು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ, ‘ಸರಿ ಅಮ್ಮ, ಇನ್ಮೇಲೆ ನೀವಿಬ್ಬರೂ ನೋಡಿ’ ಅಂದ.

ಸರಿ, ‘ಟಕ್’ ಅಂತ ಸದ್ದು ಬಂದಿತ್ತಲ್ಲ, ಮತ್ತೆ ಬಿದ್ದಿದ್ದು ಹೇಗೆ? ಇದು ನನಗೂ ಆಮೇಲೆ ಗೊತ್ತಾಗಿದ್ದು. ಕಿಂಗ್‌ಪಿನ್ನಿನ ನಡು ಸಣ್ಣ, ತುದಿಯಲ್ಲಿ ಒಂದು ದಪ್ಪ ಅಂಚು. ದವಡೆ ಹಿಡಿಯಬೇಕಾದ್ದು ನಡುವನ್ನು. ಟ್ರೇಲರಿನ ಮೂತಿ ಬೇಕಾದ್ದಕ್ಕಿಂತ ಎತ್ತರದಲ್ಲಿದ್ದರೆ ಆ ದಪ್ಪ ತುದಿ ದವಡೆಯ ಮೇಲೇ ಕೂತುಬಿಡುತ್ತೆ. ಸದ್ದು ಬರುತ್ತೆ, ದೂರದಿಂದ ನೋಡಿದರೆ ಸಿಕ್ಕಿಕೊಂಡ ಹಾಗೇ ಕಾಣುತ್ತೆ. ಟ್ರಕ್ಕು ಮುಂದೆ ಹೋದರೆ ಜಾರಿಕೊಳ್ಳುತ್ತೆ. ಅವತ್ತು ಟ್ರಕ್ಕಿನ ಹಿಂದಿನ ಚಕ್ರಗಳು ಒಂದು ಸಣ್ಣ ತಗ್ಗಿನಲ್ಲಿದ್ದವು. ಅಷ್ಟೇ ಸಾಕಾಯ್ತು.

ಈಗ ನಮ್ಮ ಕ್ರಮ ಹೀಗಿದೆ. ನಿಮ್ಮ ಮಕ್ಕಳು ಯಾರಾದರೂ ಇಂಥ ಗಾಡಿ ಇಟ್ಟಿದ್ದರೆ ಅವರಿಗೂ ಓದಿ ಹೇಳಿ.

ಮೊದಲು ಟ್ರೇಲರಿನ ಚಕ್ರಕ್ಕೆ ಹಿಂದೆ ಮುಂದೆ ಅಡೆ ಕೊಡಬೇಕು, ನಮ್ಮೂರಲ್ಲಿ ಲಾರಿ ಚಕ್ರಕ್ಕೆ ಕಲ್ಲು ಕೊಡ್ತಾರಲ್ಲ ಹಾಗೆ. ಆಮೇಲೆ ಎತ್ತರ. ಮೂತಿ ಟ್ರಕ್ಕಿನ ತಟ್ಟೆಗಿಂತ ಅರ್ಧದಿಂದ ಒಂದು ಇಂಚು ಕೆಳಗಿರಬೇಕು. ತಟ್ಟೆ ಮೂತಿಯ ಅಡಿಗೆ ನುಗ್ಗಿ ಅದನ್ನು ತಾನೇ ಸ್ವಲ್ಪ ಮೇಲೆತ್ತಬೇಕು. ಟ್ರಕ್ಕಿನ ಹಿಂಬಾಗಿಲು ಇಳಿಸಿ, ನೇರವಾಗಿ, ನಿಧಾನವಾಗಿ ಹಿಂದಕ್ಕೆ ಬರಬೇಕು. ಈ ಹೊತ್ತಿನಲ್ಲಿ ಟ್ರಕ್ಕಿಗೂ ಟ್ರೇಲರಿಗೂ ಮಧ್ಯೆ ಯಾರೂ ಇರಬಾರದು, ಮೂತಿಯ ಕೆಳಗೆ ಕೈ ಹಾಕಬಾರದು. ಮೊಮ್ಮಗನಿಗೆ ಈಗ ಇಪ್ಪತ್ತು ಅಡಿ ದೂರದಲ್ಲಿ ಒಂದು ಮಡಚೋ ಕುರ್ಚಿ ಇದೆ.

‘ಟಕ್’ ಅಂದಮೇಲೆ ಟ್ರಕ್ಕಿಗೆ ಬ್ರೇಕ್ ಹಾಕಿ, ಇಬ್ಬರೂ ಟಾರ್ಚ್ ಹಿಡಿದು ಪಕ್ಕದಿಂದ ನೋಡ್ತೀವಿ. ಮೂತಿಗೂ ತಟ್ಟೆಗೂ ಮಧ್ಯೆ ಬೆಳಕು ಕಾಣಬಾರದು. ದವಡೆ ಗೂಟದ ಸುತ್ತ ಪೂರ್ತಿ ಮುಚ್ಚಿರಬೇಕು. ಹಿಡಿ ಕೊನೆಯವರೆಗೂ ಹೋಗಿರಬೇಕು. ಆಮೇಲೆ ಬೀಗ. ಬೀಗ ತೂರದಿದ್ದರೆ ಸುತ್ತಿಗೆಯಿಂದ ಹೊಡೆದು ತೂರಿಸೋದಲ್ಲ, ಟ್ರಕ್ಕು ಮುಂದೆ ತಗೊಂಡು ಮೊದಲಿಂದ ಶುರು.

ಬೀಗ ಆದಮೇಲೆ ಕರೆಂಟಿನ ವೈರು. ಜೊತೆಗೆ ಒಂದು ತೆಳು ಉಕ್ಕಿನ ಹಗ್ಗ ಇರುತ್ತೆ. ಟ್ರೇಲರು ಕಳಚಿಕೊಂಡರೆ ಆ ಹಗ್ಗ ಒಂದು ಪಿನ್ನು ಕೀಳುತ್ತೆ, ಟ್ರೇಲರಿನ ಬ್ರೇಕು ತಾನೇ ಹಿಡಿಯುತ್ತೆ. ಅದನ್ನು ತಟ್ಟೆಯ ಹಿಡಿಗೆ ಸಿಕ್ಕಿಸಬಾರದು, ಟ್ರಕ್ಕಿನ ಗಟ್ಟಿ ಕೊಂಡಿಗೆ ಸಿಕ್ಕಿಸಬೇಕು.

ಇನ್ನು ಮುಖ್ಯವಾದ್ದು, ನಾವು ಅವತ್ತು ಮಾಡದೇ ಇದ್ದದ್ದು. ಮುಂಗಾಲುಗಳನ್ನು ಪೂರ್ತಿ ಮಡಚಬಾರದು. ನೆಲಕ್ಕೆ ತಾಗೀ ತಾಗದ ಹಾಗೆ, ಹೆಚ್ಚೆಂದರೆ ಒಂದು ಇಂಚು ಎತ್ತಬೇಕು. ಚಕ್ರದ ಅಡೆ ಹಾಗೇ ಇರಲಿ. ಟ್ರಕ್ಕಿನೊಳಗೆ ಟ್ರೇಲರಿನ ಬ್ರೇಕಿಗೆ ಬೇರೆ ಗುಬುಟು ಇರುತ್ತೆ, ಅದನ್ನು ಒತ್ತಿ ಹಿಡಿದು ಟ್ರಕ್ಕನ್ನು ಮುಂದಕ್ಕೆ ಮೆಲ್ಲಗೆ ಎಳೆದು ನೋಡಬೇಕು. ದವಡೆ ಸರಿಯಾಗಿ ಕಚ್ಚಿದ್ದರೆ ಟ್ರಕ್ಕು ಜಗ್ಗಿ ನಿಲ್ಲುತ್ತೆ. ಕಚ್ಚಿಲ್ಲದಿದ್ದರೆ ಗೂಟ ಜಾರುತ್ತೆ, ಆದರೆ ಮೂತಿ ಬೀಳೋದು ಒಂದೇ ಇಂಚು, ಅದರ ಕಾಲ ಮೇಲೇ ನಿಲ್ಲುತ್ತೆ. ಎರಡು ನಿಮಿಷದ ಕೆಲಸ. ಇದಾದ ಮೇಲೆ ಕಾಲು ಪೂರ್ತಿ ಮೇಲೆ, ಹಿಂಬಾಗಿಲು ಮುಚ್ಚಿ, ಅಡೆ ತೆಗೆದು, ದೀಪ ಉರಿಯುತ್ತಾ ಅಂತ ನೋಡಿ ಹೊರಡೋದು. ದಾರಿಯಲ್ಲಿ ಟೀ ಕುಡಿಯೋಕೆ ನಿಂತರೂ ವಾಪಸ್ ಬಂದು ಬೀಗ ಮುಟ್ಟಿ ನೋಡ್ತೀವಿ.

ಬಿಚ್ಚುವಾಗಲೂ ಹಾಗೇ. ಮೊದಲು ಅಡೆ, ಆಮೇಲೆ ಮುಂಗಾಲು ನೆಲಕ್ಕೂರಿ ಭಾರ ಹೊರಬೇಕು, ವೈರು ಹಗ್ಗ ಬಿಚ್ಚಬೇಕು, ಹಿಂಬಾಗಿಲು ಇಳಿಸಬೇಕು, ಕೊನೆಗೆ ಹಿಡಿ. ಕಾಲು ಇಳಿಸದೆ ಹಿಡಿ ಎಳೆದರೆ ಅದೇ ಕಥೆ ಮತ್ತೆ.

ಇದರ ಮೇಲೆ ನಮ್ಮಿಬ್ಬರದೇ ಒಂದು ನಿಯಮ ಇದೆ. ಕಟ್ಟೋ ಹೊತ್ತಿನಲ್ಲಿ ಮಾತಿಲ್ಲ, ಫೋನಿಲ್ಲ. ಕ್ಯಾಂಪಿನಲ್ಲಿ ಪಕ್ಕದವರು ಸರಿಯಾಗಿ ಆಗಲೇ ‘ಯಾವ ಕಡೆ ಪ್ರಯಾಣ?’ ಅಂತ ಬರ್ತಾರೆ. ‘ಹತ್ತು ನಿಮಿಷ ಬಿಟ್ಟು ಬರ್ತೀನಿ’ ಅಂತೀನಿ. ಯಾರೂ ಬೇಜಾರು ಮಾಡಿಕೊಂಡಿಲ್ಲ. ಮಧ್ಯೆ ಏನಾದರೂ ತಡೆಯಾದರೆ, ಎಲ್ಲಿಗೆ ಬಂದಿದ್ದೆವು ಅಂತ ಯೋಚಿಸೋದೇ ಇಲ್ಲ, ಮೊದಲಿಂದ ನೋಡ್ಕೊಂಡು ಬರ್ತೀವಿ.

ಅರಸೀಕೆರೆ ಕಡೆ ನಮ್ಮೂರಲ್ಲಿ ಅಪ್ಪ ಎತ್ತಿನಗಾಡಿ ಹೊಡೀತಿದ್ದರು. ಸಂತೆಗೆ ಹೊರಡೋ ಮುಂಚೆ ಎರಡೂ ಚಕ್ರದ ಹತ್ತಿರ ಬಗ್ಗಿ ಕಡಾಣಿ ಮುಟ್ಟಿ ನೋಡ್ತಿದ್ದರು. ನಾವು ಮಕ್ಕಳು ಮೇಲೆ ಹತ್ತಿ ಕೂತು, ‘ಅಪ್ಪ, ಈಗ್ತಾನೆ ನೋಡಿದ್ಯಲ್ಲ’ ಅಂತ ಅವಸರ ಮಾಡ್ತಿದ್ದೆವು. ‘ನೋಡಿದ್ದು ಆಗ, ಹೊರಡೋದು ಈಗ’ ಅಂತಿದ್ದರು. ನಲವತ್ತು ವರ್ಷ ಆ ಮಾತು ನೆನಪಿಗೆ ಬಂದಿರಲಿಲ್ಲ.

ಈಗ ಟ್ರಕ್ಕು ಸ್ಟಾರ್ಟ್ ಮಾಡೋ ಮುಂಚೆ ಇವರು ಕಿಟಕಿಯಿಂದ ತಲೆ ಹಾಕಿ ‘ಕಡಾಣಿ?’ ಅಂತಾರೆ. ನಾನು ಹೆಬ್ಬೆರಳು ಎತ್ತೋದಿಲ್ಲ. ‘ಬನ್ನಿ ರೀ, ನೋಡಿ’ ಅಂತೀನಿ. ಇಳಿದು ಬರ್ತಾರೆ.

ತಂಗಿ ಮಗಳ ಮದುವೆ ಚೆನ್ನಾಗಿ ಆಯ್ತು. ಆ ಬಗ್ಗೆ ಮುಂದಿನ ಸಲ ಬರೀತೀನಿ.