‘ತುಂಬಾ ಒಳ್ಳೆಯವರು ಸ್ವಾಮಿ’

ಜಯನಗರದ ಲಕ್ಷ್ಮಣರಾವ್ ಪಾರ್ಕಿನಲ್ಲಿ ವಾಕಿಂಗ್ ಮುಗಿಸಿ ಕೂತಿದ್ದಾಗ ಮೊನ್ನೆ ಮಾತು ಬಂತು. ಪರಿಚಿತರೊಬ್ಬರ ಮೇಲೆ ಚೀಟಿ ದುಡ್ಡಿನ ವಂಚನೆ ಕೇಸು ಬಿದ್ದಿದೆ. ‘ಮೂವತ್ತು ವರ್ಷದಿಂದ ನೋಡ್ತಿದೀವಿ ಕಣ್ರೀ. ಕರೆದರೆ ಇಡೀ ಬ್ಲಾಕೇ ಬಂದು ಸಾಕ್ಷಿ ಹೇಳತ್ತೆ’ ಎಂದರು ನಮ್ಮ ಗುಂಪಿನ ಹಿರಿಯರು. ನಾನು ಗೌರವಿಸುವವರು. ಆದರೂ ತಲೆಯಾಡಿಸಲು ಮನಸ್ಸಾಗಲಿಲ್ಲ.

ಕಾನೂನೇನೋ ಅವರ ಕಡೆಗಿದೆ. 1872ರ ಸಾಕ್ಷ್ಯ ಕಾಯ್ದೆಯಲ್ಲಿದ್ದ ನಿಯಮ, 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 47ನೇ ಕಲಮಿನಲ್ಲೂ ಉಳಿದಿದೆ: ಕ್ರಿಮಿನಲ್ ಕೇಸಿನಲ್ಲಿ ಆರೋಪಿ ತನ್ನ ಸನ್ನಡತೆಗೆ ಸಾಕ್ಷಿ ಕರೆಸಬಹುದು. ಆತ ಆ ಮಾತೆತ್ತುವ ತನಕ ಸರ್ಕಾರಿ ವಕೀಲರು ಸಾಮಾನ್ಯವಾಗಿ ಅವನ ಹಳೆಯ ಕೆಟ್ಟ ನಡತೆಯನ್ನು ಕೆದಕುವಂತಿಲ್ಲ. ಈ ಪಕ್ಷಪಾತಕ್ಕೆ ನನ್ನ ಒಪ್ಪಿಗೆಯಿದೆ. ತಕರಾರು ಇರುವುದು ತೂಕದ ವಿಷಯದಲ್ಲಿ. ಅಲ್ಲಿ ಸುಪ್ರೀಂ ಕೋರ್ಟ್ ನನ್ನ ಕಡೆ. ನಡತೆಯ ಸಾಕ್ಷ್ಯ ತೀರಾ ದುರ್ಬಲ, ಅನುಮಾನವಿರುವ ಕಡೆ ಮಾತ್ರ ತಕ್ಕಡಿಯನ್ನು ಆರೋಪಿಯತ್ತ ವಾಲಿಸಬಹುದು ಎಂದು ಹಬೀಬ್ ಮೊಹಮ್ಮದ್ ಪ್ರಕರಣದಲ್ಲಿ 1953ರಲ್ಲೇ ಹೇಳಿತ್ತು.

ಅದರಲ್ಲೂ ದುಡ್ಡಿನ ಕೇಸುಗಳಲ್ಲಿ ಒಳ್ಳೆಯ ಹೆಸರು ಏನನ್ನು ಸಾಬೀತು ಮಾಡುತ್ತದೆ? ಕೆಟ್ಟ ಹೆಸರಿನವನ ಹತ್ತಿರ ಯಾರಾದರೂ ಚೀಟಿ ಹಾಕುತ್ತಾರೆಯೇ! 2020ರ ಜನವರಿಯಲ್ಲಿ ಬಸವನಗುಡಿಯ ಶ್ರೀ ಗುರು ರಾಘವೇಂದ್ರ ಸಹಕಾರ ಬ್ಯಾಂಕಿನ ಮೇಲೆ ರಿಸರ್ವ್ ಬ್ಯಾಂಕ್ ನಿರ್ಬಂಧ ಹೇರಿ, ಖಾತೆಯಿಂದ 35,000 ರೂಪಾಯಿ ಮಾತ್ರ ತೆಗೆಯಬಹುದು ಎಂದಾಗ ಪಿಂಚಣಿದಾರರು ಕಂಗಾಲಾದದ್ದನ್ನು ನಾವೆಲ್ಲ ಕಂಡಿದ್ದೇವೆ. ಯಾರ ತಪ್ಪು ಎಷ್ಟು ಎಂಬುದನ್ನು ಕೋರ್ಟೇ ಹೇಳಲಿ. ದುಡ್ಡಿಡುವಾಗ ‘ಒಳ್ಳೆ ಜನ’ ಎಂಬ ಮಾತಿಗೆ ನಾವು ಎಷ್ಟು ಬೆಲೆ ಕೊಟ್ಟಿದ್ದೆವು ಎಂಬುದಂತೂ ನಮಗೇ ಗೊತ್ತು.

ಇನ್ನೊಂದು. ಬಿಟಿಎಂ ಲೇಔಟಿನ ಪಿಜಿಯಲ್ಲಿ ಆರು ತಿಂಗಳಿಂದ ಇರುವ ಕೊಪ್ಪಳದ ಹುಡುಗನ ಮೇಲೆ ಇದೇ ಕೇಸು ಬಿದ್ದರೆ? ಪಕ್ಕದ ಮಂಚದವನಿಗೆ ಅವನ ಊರೂ ತಿಳಿದಿರಲಿಕ್ಕಿಲ್ಲ. ನಡತೆಗೆ ತೂಕ ಹೆಚ್ಚಾದಷ್ಟೂ ಲಾಭ ಸ್ವಂತ ಮನೆ, ಹಳೆಯ ನೆರೆಹೊರೆ ಇರುವ ನಮ್ಮಂಥವರಿಗೇ.

ಹಿರಿಯರು ಕೇಳಿಸಿಕೊಂಡು, ಕನ್ನಡಕ ಒರೆಸುತ್ತಾ ಅಂದರು: ‘ನನ್ನ ಮಗಳ ಮದುವೆಗೆ ಎರಡು ಲಕ್ಷ ಕೊಟ್ಟಿದ್ದ. ಒಂದು ಚೀಟಿ ಬರೆಸಿಕೊಳ್ಳಲಿಲ್ಲ. ಇದನ್ನಾದರೂ ಹೇಳಬಹುದಲ್ಲ?’

ವಿಚಿತ್ರವೆಂದರೆ ಕಟಕಟೆಯಲ್ಲಿ ಹೇಳುವ ಹಾಗಿಲ್ಲದ್ದು ಅದೊಂದೇ. ಒಟ್ಟಾರೆ ಹೆಸರು, ಒಟ್ಟಾರೆ ಸ್ವಭಾವ, ಅಷ್ಟಕ್ಕೇ ಅವಕಾಶ. ಬಿಡಿ ಘಟನೆಗಳು ಬೇಡ. ಒಂದೊಂದರ ಸತ್ಯಾಸತ್ಯ ಹಿಡಿದು ಹೊರಟರೆ ಅಸಲು ಕೇಸು ಅಲ್ಲೇ ಉಳಿಯುತ್ತದೆ, ನಿಜ. ಆದರೂ ಕಂಡದ್ದನ್ನು ಬಿಟ್ಟು ನಾಲ್ಕು ಜನ ಆಡಿಕೊಂಡದ್ದನ್ನು ಹೇಳಿ ಎನ್ನುವುದು ನನಗೆ ರುಚಿಸದು.

‘1958ರ ಪ್ರೊಬೇಷನ್ ಕಾಯ್ದೆ ಇದೆ ಸಾರ್. ಜೈಲಿಗೆ ಕಳಿಸದೆ ಬಿಡಬಹುದೇ ಅಂತ ನೋಡುವಾಗ ಕೋರ್ಟು ಅಧಿಕಾರಿಯಿಂದ ವರದಿ ತರಿಸಬಹುದು. ಅವರು ಮನೆಗೆ ಬಂದರೆ ಈ ಎರಡು ಲಕ್ಷದ ಕಥೆ ಹೇಳಿ’ ಅಂದೆ.

‘ಅದಕ್ಕೆ ಮೊದಲು ಅವನು ತಪ್ಪಿತಸ್ಥ ಅಂತ ಆಗಬೇಕಲ್ರೀ!’ ಎನ್ನುತ್ತಾ ಅವರು ಎದ್ದರು.