ಜೋಮು ಹಿಡಿದ ಕೈಕಾಲಿಗೆ ಮನೆಯ ಆರೈಕೆ

ಸೋದರಿಯರೇ, ಈ ಸಲ ಅಡಿಗೆಯ ವಿಷಯ ಬದಿಗಿಟ್ಟಿದ್ದೇನೆ. ತಿ. ನರಸೀಪುರದ ಓದುಗ ಸೋದರಿಯೊಬ್ಬರ ಕಾಗದ ಮೂರು ದಿನದಿಂದ ನನ್ನ ಮನಸ್ಸನ್ನು ಕೊರೆಯುತ್ತಿದೆ. ಅವರಿಗೆ ಸ್ತನದ ಕ್ಯಾನ್ಸರಿಗೆ ಆಪರೇಷನ್ ಆಗಿ, ಈಗ ವಾರಕ್ಕೊಂದರಂತೆ ಕೀಮೋ ನಡೆಯುತ್ತಿದೆ. ಹನ್ನೆರಡರಲ್ಲಿ ಏಳು ಮುಗಿದಿದೆ. "ಅಕ್ಕಾ, ಕಾಲ್ಬೆರಳು ಯಾವಾಗಲೂ ಜೋಮು ಹಿಡಿದ ಹಾಗೇ ಇರುತ್ತೆ. ರವಿಕೆ ಹುಕ್ಕು ಹಾಕ್ಕೊಳ್ಳೋಕೆ ಆಗಲ್ಲ. ಡಾಕ್ಟರಿಗೆ ಹೇಳಿದರೆ ಕೀಮೋ ನಿಲ್ಲಿಸಿಬಿಡ್ತಾರೇನೋ ಅಂತ ಸುಮ್ಮನಿದ್ದೀನಿ. ಮಾತ್ರೆ ನುಂಗಿ ನುಂಗಿ ಸಾಕಾಗಿದೆ, ಮನೇಲೇ ಮಾಡಿಕೊಳ್ಳುವಂಥದ್ದು ಏನಾದರೂ ತಿಳಿಸಿ" ಎಂದು ಕೇಳಿದ್ದಾರೆ.

ನಾಲ್ಕು ವರ್ಷದ ಹಿಂದೆ ನಾನೂ ಇದೇ ದಾರಿ ನಡೆದವಳು, ಇದೇ ತಪ್ಪನ್ನೂ ಮಾಡಿದವಳು. ಡಾಕ್ಟರು "ಕೈಕಾಲು ಹೇಗಿದೆಯಮ್ಮಾ?" ಎಂದು ಕೇಳಿದಾಗಲೆಲ್ಲ "ಏನಿಲ್ಲ, ಚೆನ್ನಾಗಿದೆ" ಎಂದುಬಿಡುತ್ತಿದ್ದೆ. ಕೊನೆಗೆ ಬಾಯಿಬಿಟ್ಟಾಗ ಅವರು ಬೈಯಲಿಲ್ಲ. "ಮೊದಲೇ ಹೇಳಿದ್ದರೆ ಔಷಧದ ಪ್ರಮಾಣ ಇಳಿಸಿಯೋ, ಒಂದು ವಾರ ಮುಂದಕ್ಕೆ ಹಾಕಿಯೋ ನೋಡಬಹುದಿತ್ತು" ಎಂದರು. ನನ್ನ ಕಾಲ್ಬೆರಳುಗಳು ಇವತ್ತಿಗೂ ಪೂರ್ತಿ ಸರಿಹೋಗಿಲ್ಲ. ಆದ್ದರಿಂದ ಸೋದರಿ, ಮುಂದಿನ ಸಲ ಸೂಜಿ ಚುಚ್ಚುವ ಮೊದಲೇ ಹೇಳಿಬಿಡಿ. ಹುಕ್ಕು ಹಾಕೋಕೆ ಆಗಲ್ಲ ಅನ್ನೋ ಮಾತನ್ನೇ ಹೇಳಿ, ಡಾಕ್ಟರಿಗೆ ಬೇಕಾದದ್ದು ಅದೇ. ಹಾಗೆಂದು ನೀವಾಗಿಯೇ ಕೀಮೋ ತಪ್ಪಿಸುವುದೂ ಕೂಡದು.

ಪ್ಯಾಕ್ಲಿಟ್ಯಾಕ್ಸೆಲ್, ಡೋಸಿಟ್ಯಾಕ್ಸೆಲ್ ಎಂಬ ಔಷಧಗಳು ಕ್ಯಾನ್ಸರ್ ಕಣದ ಜೊತೆಗೆ ನರಗಳಿಗೂ ಪೆಟ್ಟು ಕೊಡುತ್ತವೆ. ಅತಿ ಉದ್ದದ ನರಗಳಿಗೆ ಮೊದಲು ತಗಲುವುದರಿಂದ ಕಾಲಿನ ತುದಿ, ಆಮೇಲೆ ಕೈಬೆರಳು. ಕೀಮೋ ಮುಗಿದ ಮೇಲೆ ಎಷ್ಟೋ ಜನರಿಗೆ ತಿಂಗಳುಗಳಲ್ಲಿ ಕಡಿಮೆಯಾಗುತ್ತದೆ, ಕೆಲವರಿಗೆ ವರ್ಷಗಟ್ಟಲೆ ಉಳಿಯುತ್ತದೆ.

ಹೋದ ವರ್ಷ ನಂಜನಗೂಡಿನ ದೊಡ್ಡ ಜಾತ್ರೆಯಲ್ಲಿ ಆದದ್ದು ಕೇಳಿ. ಸುಡುಬಿಸಿಲು. ಎಲ್ಲರೂ ಹಾರುತ್ತಾ ಕುಣಿಯುತ್ತಾ ದೇವಸ್ಥಾನದ ಕಲ್ಲುಚಪ್ಪಡಿ ದಾಟುತ್ತಿದ್ದರೆ ನಾನೊಬ್ಬಳೇ ನಿಧಾನವಾಗಿ ನಡೆದೆ. "ಶ್ರೀಕಂಠೇಶ್ವರನ ದಯೆ, ನನಗೆ ಕಾಲೇ ಸುಡಲ್ಲ" ಅಂತ ಜಂಬ ಬೇರೆ! ರಾತ್ರಿ ಮಗಳು ನೋಡಿ ಚೀರಿದಳು. ಅಂಗಾಲಿನಲ್ಲಿ ನಿಂಬೆಹಣ್ಣಿನ ಗಾತ್ರದ ಬೊಬ್ಬೆ. ಗುಣವಾಗಲು ಒಂದೂವರೆ ತಿಂಗಳು ಹಿಡಿಯಿತು.

ಅಂದಿನಿಂದ ರಾತ್ರಿ ಮಲಗುವ ಮುಂಚೆ ಕೈಗನ್ನಡಿ ಹಿಡಿದು ಅಂಗಾಲು, ಬೆರಳ ಸಂದಿ ನೋಡಿಕೊಳ್ಳುತ್ತೇನೆ. ಹಂಡೆ ನೀರಿನ ಬಿಸಿ ಮೊಣಕೈಯಲ್ಲಿ ಮುಟ್ಟಿ ನೋಡಬೇಕು, ಕಾಲಿಟ್ಟು ನೋಡಬಾರದು. ಬಿಸಿನೀರಿನ ಚೀಲದ ಸಹವಾಸವೇ ಬೇಡ. ಮನೆಯೊಳಗೂ ಚಪ್ಪಲಿ ಬೇಕು, ಅದೂ ಹಿಂದೆ ಪಟ್ಟಿ ಇರುವಂಥದ್ದು. ಹವಾಯಿ ಚಪ್ಪಲಿ ಕಾಲಿನಿಂದ ಜಾರಿದ್ದೇ ತಿಳಿಯುವುದಿಲ್ಲ. ದೇವಸ್ಥಾನಕ್ಕೆ ಬೆಳಿಗ್ಗೆ ಬೇಗ, ಕಾಲುಚೀಲ ಹಾಕಿಕೊಂಡು ಹೋಗಿ. ನಿಮ್ಮ ಸಂಗಮದ ಮೆಟ್ಟಿಲಾಗಲಿ ನಮ್ಮ ಕಪಿಲೆಯ ಮೆಟ್ಟಿಲಾಗಲಿ, ಪಾಚಿ ಕಟ್ಟಿದ ಕಡೆ ಇಳಿಯಬೇಡಿ. ಮೇಲೆ ಕೂತು ಚೊಂಬಿನಲ್ಲಿ ನೀರು ಹಾಕಿಸಿಕೊಂಡರೂ ಸ್ನಾನವೇ. ಒಲೆಯ ಮುಂದೆ ಇಕ್ಕಳ, ಮಸಿಬಟ್ಟೆ ಬಿಟ್ಟು ಪಾತ್ರೆ ಮುಟ್ಟಕೂಡದು. ಆಪರೇಷನ್ ಆದ ಕಡೆಯ ಕೈಗೆ ಸುಟ್ಟರೆ, ಕೊಯ್ದುಕೊಂಡರೆ ಕಂಕುಳ ಗ್ರಂಥಿ ತೆಗೆದವರಿಗೆ ಕೈ ಊದಿಕೊಳ್ಳುವ ಭಯ ಇರುವುದರಿಂದ ಅಂದೇ ಡಾಕ್ಟರಿಗೆ ತೋರಿಸಿ.

ಔಷಧವಿಲ್ಲದ ಉಪಾಯಗಳಲ್ಲಿ ನನಗೆ ನಂಬಿಕೆ ಬಂದದ್ದು ನಡಿಗೆಯಲ್ಲಿ. ಅಮೆರಿಕದಲ್ಲಿ ಕೀಮೋ ತೆಗೆದುಕೊಳ್ಳುತ್ತಿದ್ದ 355 ಜನರ ಮೇಲೆ ನಡೆಸಿದ ಪರೀಕ್ಷೆಯ ವರದಿ 2018ರಲ್ಲಿ ಬಂತು. ಹೆಚ್ಚಿನವರು ಸ್ತನದ ಕ್ಯಾನ್ಸರಿನವರೇ. ಆರು ವಾರ ನಡಿಗೆ ಮತ್ತು ರಬ್ಬರ್ ಪಟ್ಟಿ ಎಳೆಯುವ ವ್ಯಾಯಾಮ ಮಾಡಿದವರಿಗೆ ಜೋಮು ಕಡಿಮೆ ಕಂಡಿತು. ನಾನು ಸಂಜೆ ಅರ್ಧ ಗಂಟೆ ನಡೆಯುತ್ತೇನೆ, ಆಮೇಲೆ ಕಿಟಕಿ ಸರಳು ಹಿಡಿದು ಒಂಟಿಕಾಲಲ್ಲಿ ನಿಲ್ಲುತ್ತೇನೆ. ಮೊದಮೊದಲು ಮನೆಯವರು ನಕ್ಕರು, ನಗಲಿ ಬಿಡಿ. ಕೈಬೆರಳಿಗೆ ನಾನು ಕಂಡುಕೊಂಡದ್ದು ಅವರೆಕಾಳು ಹಿದುಕುವುದು, ಹೂ ಕಟ್ಟುವುದು, ರಂಗೋಲಿ. ಇದು ವೈದ್ಯರು ಹೇಳಿದ್ದಲ್ಲ, ನನ್ನ ಅನುಭವ. ಮೊದಲ ದಿನ ರಂಗೋಲಿ ಎಳೆ ಹಾವಿನಂತೆ ಹೋಗಿತ್ತು.

ಕೀಮೋ ಇಳಿಯುವ ಹೊತ್ತಿನಲ್ಲಿ ಕೈಕಾಲಿಗೆ ತಣ್ಣನೆಯ ಗವಸು ಹಾಕುವ ಕ್ರಮವೂ ಉಂಟು. ಜಪಾನಿನ ಕ್ಯೋಟೋದಲ್ಲಿ ಒಂದು ಕಡೆಯ ಕೈಕಾಲಿಗೆ ಮಾತ್ರ ಹಾಕಿ ನೋಡಿದಾಗ ಆ ಕಡೆ ಜೋಮು ಕಡಿಮೆ ಇತ್ತೆಂದು 2018ರಲ್ಲಿ ಪ್ರಕಟಿಸಿದರು. ಎಲ್ಲ ವೈದ್ಯರೂ ಒಪ್ಪಿದ್ದಲ್ಲ, ನಿಮ್ಮ ಆಸ್ಪತ್ರೆಯಲ್ಲಿ ಕೇಳಿ ನೋಡಿ. ನೀವಾಗಿ ಐಸ್ ಕಟ್ಟಿಕೊಳ್ಳಬೇಡಿ.

ಎಣ್ಣೆ ತಿಕ್ಕಿದರೆ ನರ ಸರಿಹೋಗುತ್ತದೆಂದು ನಾನು ಹೇಳಲಾರೆ. ಚರ್ಮಕ್ಕೆ ಹಿತ, ಕಾಯಿಸದೆ ಹಚ್ಚಿ. ಅಂಗಡಿಯಿಂದ ವಿಟಮಿನ್ ತಂದು ನುಂಗುವುದೂ ಬೇಡ. ಬಿ6 ಅತಿಯಾದರೆ ಅದೇ ನರ ಕೆಡಿಸುತ್ತದೆ. ಅಸಿಟೈಲ್ ಕಾರ್ನಿಟಿನ್ ಕೊಟ್ಟ ಸ್ತನ ಕ್ಯಾನ್ಸರಿನ ಹೆಂಗಸರಿಗೆ ಜೋಮು ಹೆಚ್ಚೇ ಆಯಿತೆಂದು 2013ರಲ್ಲಿ ಗೊತ್ತಾಗಿದೆ. ಸಕ್ಕರೆ ಕಾಯಿಲೆ, ಬಿ12 ಕೊರತೆ ಇದೆಯೇ ಎಂದು ರಕ್ತ ಪರೀಕ್ಷೆ ಮಾಡಿಸಿ. ಉರಿ, ನೋವು ತಡೆಯಲಾರದಷ್ಟಾದರೆ ಡುಲಾಕ್ಸೆಟಿನ್ ಎಂಬ ಮಾತ್ರೆಯನ್ನು ವೈದ್ಯರು ಕೊಡುತ್ತಾರೆ. ಮಾತ್ರೆಯೇ ಬೇಡವೆಂಬ ಹಟ ಆಗ ಬೇಡ.

ಈ ಸಂಚಿಕೆ ಕೈಸೇರುವ ಹೊತ್ತಿಗೆ ಸೋದರಿಯ ಎಂಟನೆಯ ಕೀಮೋ ಆಗಿಹೋಗಿರುತ್ತದೆ. ಅದಕ್ಕೇ ಅವರಿಗೆ ನಿನ್ನೆಯೇ ಬೇರೆ ಕಾಗದ ಹಾಕಿದ್ದೇನೆ. ಮುಂದಿನ ಸಂಚಿಕೆಗೆ ಹಿದುಕವರೆ ಸಾರು.