ಹಸುವಿನ ಲೆಕ್ಕ, ಕಂತಿನ ಲೆಕ್ಕ



ಕಳೆದ ಸಭೆ ಮುಗಿದು ಚಾಪೆ ಸುತ್ತುತ್ತಿದ್ದಾಗ ಮಳವಳ್ಳಿ ಕಡೆಯ ಹಾಸ್ಟೆಲ್ ಹುಡುಗನೊಬ್ಬ ಬಂದು ನಿಂತ. ಪತ್ರಿಕೆ ಕೊಳ್ಳೋಕೆ ದುಡ್ಡಿಲ್ಲ ಅಂದ. ಹಂಗೇ ತಗೊಳಪ್ಪ ಅಂದೆವು. ತಗೊಂಡವನು ಹೋಗಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ ಬಾಯಿ ಬಿಟ್ಟ. ಅವರವ್ವ ಗುಂಪಿನಲ್ಲಿ ಸಾಲ ಎತ್ತಿ ಒಂದು ಸೀಮೆಹಸು ಕಟ್ಟಿದ್ದಳಂತೆ. 'ಹಸ ಹೋಯ್ತು ಕಣಣ್ಣ, ಕಂತು ಮಾತ್ರ ಐತೆ' ಅಂದ. ವಾರಕ್ಕೊಂದು ದಿನ ಅವರವ್ವ ಬಾಗಿಲಿಗೆ ಬೀಗ ಹಾಕಿಕೊಂಡು ಕಬ್ಬಿನ ಗದ್ದೆಯೊಳಗೆ ಕೂತಿರುತ್ತಾಳಂತೆ. ಕಂತು ವಸೂಲಿಗೆ ಬರುವ ದಿನ ಅದು.

ಈ ಮಾತು ಒಂದು ಮನೆಯದಲ್ಲ. ಮಂಡ್ಯ, ಮದ್ದೂರು, ಮಳವಳ್ಳಿಯ ಯಾವ ಕೇರಿಗೆ ಹೋದರೂ ಕೇಳುವ ಮಾತು. ಹಂಗಂತ ಸಾಲವೇ ಪಾಪ ಅನ್ನುವ ಉಪದೇಶ ನಮಗೆ ಬೇಡ. ಕಬ್ಬು ಹಾಕುವವನು ಸಾಲ ಮಾಡುತ್ತಾನೆ, ಆಲೆಮನೆಯವನು ಸಾಲ ಮಾಡುತ್ತಾನೆ, ಸಕ್ಕರೆ ಕಾರ್ಖಾನೆಗಳೇ ಸಾಲದ ಮೇಲೆ ನಡೆಯುತ್ತವೆ. ಅವರು ಮಾಡಿದರೆ ಬಂಡವಾಳ, ನಾವು ಮಾಡಿದರೆ ದುಂದು! ನಾವು ಕೇಳಬೇಕಾದ್ದು ಬೇರೆ. ಯಾರಿಗೆ ಯಾವ ಸಾಲ ಸಿಗುತ್ತದೆ, ಯಾವ ಬಡ್ಡಿಗೆ, ಯಾವ ವಾಯಿದೆಗೆ?

ಲೆಕ್ಕ ಮಾಡೋಣ. ಕಾಮರ್ಸ್ ಓದುವವರು ಪೆನ್ನು ತೆಗೆಯಿರಿ. ಹಸುವಿಗೆ 60,000 ರೂಪಾಯಿ ಅಂತ ಇಟ್ಟುಕೊಳ್ಳಿ. ನೂರಕ್ಕೆ ಹತ್ತೇ ಬಡ್ಡಿ ಅಂತ ಹೇಳಿ ಕೊಟ್ಟರು. ಅಸಲು ಬಡ್ಡಿ ಸೇರಿ 66,000, ಐವತ್ತು ವಾರ, ವಾರಕ್ಕೆ 1,320. ಹಸು ದಿನಕ್ಕೆ ಎಂಟು ಲೀಟರ್ ಡೈರಿಗೆ ಹಾಕುತ್ತದೆ, ಲೀಟರಿಗೆ 35 ರೂಪಾಯಿ ಸಿಕ್ಕಿತು ಅನ್ನಿ. ದಿನಕ್ಕೆ 280. ಬೂಸ, ಹಿಂಡಿ, ಫೀಡಿಗೆ 150 ಹೋದರೆ ಉಳಿಯೋದು 130. ವಾರಕ್ಕೆ 910. ಅಂದರೆ ಹಸು ಚೆನ್ನಾಗಿ ಕರೆಯುತ್ತಿರುವಾಗಲೇ ವಾರಕ್ಕೆ 410 ರೂಪಾಯಿ ಕೈಯಿಂದ ಹಾಕಬೇಕು. ಸಗಣಿ ಬಾಚಿದ, ಹುಲ್ಲು ಹೊತ್ತ ಅವ್ವನ ಕೂಲಿಯನ್ನು ನಾವು ಲೆಕ್ಕಕ್ಕೇ ಹಿಡಿದಿಲ್ಲ. ಆ 410ನ್ನು ತುಂಬಿಸೋಕೆ ಇನ್ನೊಂದು ಗುಂಪಿನ ಸಾಲ, ಅದನ್ನು ತುಂಬಿಸೋಕೆ ಮೂರನೆಯದು.

ಹತ್ತೇ ಬಡ್ಡಿ ಅನ್ನುವುದೂ ಸುಳ್ಳು. ಅಸಲು ವಾರವಾರವೂ ಕರಗುತ್ತಿರುತ್ತದೆ. ವರ್ಷದುದ್ದಕ್ಕೂ ಸರಾಸರಿ ನಮ್ಮ ಕೈಲಿರೋದು 30,000 ಮಾತ್ರ. ಅದಕ್ಕೆ 6,000 ಬಡ್ಡಿ ಅಂದರೆ ನೂರಕ್ಕೆ ಇಪ್ಪತ್ತು ಆಯಿತಲ್ಲ! ಊರ ಸಾಹುಕಾರನ 'ನೂರಕ್ಕೆ ಐದೇ ರೂಪಾಯಿ' ತಿಂಗಳದ್ದು. ವರ್ಷಕ್ಕೆ ಅರವತ್ತು. ಹೆಬ್ಬೆಟ್ಟು ಒತ್ತುವವರಿಗೆ ಇದನ್ನು ಯಾರೂ ಬಿಡಿಸಿ ಹೇಳೋದಿಲ್ಲ.

ಇದೇ 60,000ವನ್ನು ಬ್ಯಾಂಕು ಮೂರು ವರ್ಷದ ವಾಯಿದೆಗೆ, ಕರಗುವ ಅಸಲಿನ ಮೇಲೆ ನೂರಕ್ಕೆ ಹತ್ತರಂತೆ ಕೊಟ್ಟರೆ ತಿಂಗಳ ಕಂತು ಸುಮಾರು 1,940. ವಾರಕ್ಕೆ 450ರ ಒಳಗೆ. ಅದೇ ಹಸು, ಅದೇ ಹಾಲು, ಈಗ ಮನೆಗೆ ನಾಕು ಕಾಸು ಉಳಿಯುತ್ತದೆ. ಹಸುವಿಗೂ ಒಂದು ಪಂಚಾಂಗವಿದೆ. ಎಂಟು ಹತ್ತು ತಿಂಗಳು ಕರೆದು ಬತ್ತುತ್ತದೆ, ಗಬ್ಬ ನಿಲ್ಲುತ್ತದೆ, ಮತ್ತೆ ಕರು ಹಾಕುತ್ತದೆ. ಡೈರಿಯ ಬಟವಾಡೆ ಹಾಲು ಹಾಕಿದವರಿಗೆ ಮಾತ್ರ. ವಾರದ ಕಂತಿಗೆ ಬತ್ತಿದ ಹಸು ಗೊತ್ತಿಲ್ಲ.

ಬ್ಯಾಂಕಿಗೆ ಹೋದರೆ ಮೊದಲ ಮಾತು 'ಪಹಣಿ ತಂದಿದೀಯಾ?' ಪಹಣಿ ಇಲ್ಲದ್ದಕ್ಕೇ ಅಲ್ಲವೇ ಹಸು ಕಟ್ಟೋಕೆ ಹೊರಟಿದ್ದು! ಗುತ್ತಿಗೆಗೋ ವಾರಕ್ಕೋ ಗೇಯುವವನ ಹೆಸರು ಪಹಣಿಯಲ್ಲಿ ಇರೋದಿಲ್ಲ. ಸಹಕಾರ ಸಂಘದ ಬಡ್ಡಿಯಿಲ್ಲದ ಬೆಳೆ ಸಾಲದ ಮಿತಿಯನ್ನು ಸರ್ಕಾರ 2023ರಲ್ಲಿ 3 ಲಕ್ಷದಿಂದ 5 ಲಕ್ಷಕ್ಕೆ ಏರಿಸಿತು. ಏರಿದ್ದು ಜಮೀನಿದ್ದವರಿಗೆ. ಆದರೆ ಇದನ್ನು ಬರೆದುಕೊಳ್ಳಿ: ರಿಸರ್ವ್ ಬ್ಯಾಂಕಿನ ಆದೇಶದಂತೆ 2025ರ ಜನವರಿ 1ರಿಂದ ವ್ಯವಸಾಯ ಮತ್ತು ಅದರ ಉಪಕಸುಬುಗಳಿಗೆ 2 ಲಕ್ಷದವರೆಗಿನ ಸಾಲಕ್ಕೆ ಬ್ಯಾಂಕು ಅಡಮಾನ ಕೇಳಕೂಡದು. ಹೈನುಗಾರಿಕೆ ಅದರೊಳಗೇ ಬರುತ್ತದೆ. ಕಿಸಾನ್ ಕ್ರೆಡಿಟ್ ಕಾರ್ಡು 2019ರಿಂದ ದನ ಸಾಕುವವರಿಗೂ ಉಂಟು, ಅದು ಮೇವು ಹಿಂಡಿಯ ಖರ್ಚಿಗೆ. ಹಸು ಕೊಳ್ಳೋಕೆ ಬೇರೆ ಅವಧಿ ಸಾಲ ಕೇಳಬೇಕು. ಬಾಯಲ್ಲಿ ಕೇಳಬೇಡಿ, ಅರ್ಜಿ ಬರೆದು ಕೊಟ್ಟು ಸ್ವೀಕೃತಿ ಮೊಹರು ಹಾಕಿಸಿಕೊಳ್ಳಿ. ಇಲ್ಲ ಅನ್ನುವುದಾದರೆ ಕಾರಣವನ್ನು ಕಾಗದದಲ್ಲೇ ಕೊಡಲಿ.

ಸರ್ಕಾರ ಹಸು ಕೊಟ್ಟಿದ್ದೂ ಉಂಟು. ಐಆರ್‌ಡಿಪಿ ಅಂತ 1978ರಲ್ಲಿ ಶುರುವಾಗಿ 1999ರಲ್ಲಿ ಬೇರೆ ಯೋಜನೆಯೊಳಗೆ ಮುಳುಗಿದ್ದು, ಆಮೇಲೆ ಎಂಬತ್ತರ ದಶಕದ ಸಾಲಮೇಳಗಳು. ಒಂದೇ ಹಸು ನಾಲ್ಕು ಮನೆಯ ಮುಂದೆ ನಿಂತು ಫೋಟೋ ತೆಗೆಸಿಕೊಂಡ ಕತೆಯನ್ನು ನಮ್ಮ ಹಿರಿಯರು ಈಗಲೂ ನಗುತ್ತಾ ಹೇಳುತ್ತಾರೆ. ಸಬ್ಸಿಡಿ ದಲ್ಲಾಳಿ ತಿಂದ, ಸಾಲದ ನೋಟೀಸು ನಮ್ಮ ಹೆಸರಿಗೆ ಬಂತು. ನಿಜವಾಗಿ ಹಸು ಬಂದ ಮನೆಗಳಲ್ಲೂ ಎಷ್ಟು ದಿನ ಉಳಿಯಿತು? ಹುಲ್ಲೆಲ್ಲಿತ್ತು?

ಈ ಹುಲ್ಲಿನ ಮಾತನ್ನು ಯಾವ ಬ್ಯಾಂಕಿನ ಫಾರಂನಲ್ಲೂ ಕೇಳೋದಿಲ್ಲ. ನಮ್ಮ ಹೆಣ್ಣುಮಕ್ಕಳು ಹುಲ್ಲು ಕೊಯ್ಯೋದು ನಾಲೆ ಏರಿ ಮೇಲೆ, ಇಲ್ಲವೇ ಗೌಡರ ಗದ್ದೆ ಬದುವಿನ ಮೇಲೆ. ಹಬ್ಬದಲ್ಲೋ ಪಂಚಾಯ್ತಿ ಎಲೆಕ್ಷನ್ನಿನಲ್ಲೋ ಒಂದು ಮಾತು ಹೆಚ್ಚುಕಮ್ಮಿ ಆಯಿತು ಅನ್ನಿ, ಬದು ಮುಚ್ಚಿತು. ಕಟ್ಟಿದ ಹಸು ಕೊಟ್ಟಿಗೆಯಲ್ಲಿ ಅರಚುತ್ತದೆ, ಮೂರೇ ದಿನಕ್ಕೆ ಅಪ್ಪ ಹೋಗಿ 'ತಪ್ಪಾಯ್ತು ಬುದ್ಧಿ' ಅನ್ನಬೇಕು. ನಾಲೆಯ ಕಡೇಭಾಗದ ಮದ್ದೂರು ಮಳವಳ್ಳಿ ಊರುಗಳಲ್ಲಿ ನೀರು ಬರದ ವರ್ಷ ಆ ಬದುವಿನಲ್ಲೂ ಹುಲ್ಲಿಲ್ಲ. ಡೈರಿಯ ಲ್ಯಾಕ್ಟೋಮೀಟರಿಗೆ ಜಾತಿ ಗೊತ್ತಿಲ್ಲ ಅನ್ನುವುದು ದೊಡ್ಡ ಮಾತೇ, ನಾವು ಒಪ್ಪುತ್ತೇವೆ. ಬದುವಿಗೆ ಮಾತ್ರ ಚೆನ್ನಾಗಿ ಗೊತ್ತು.

ಬಾಬಾಸಾಹೇಬರು 1918ರಲ್ಲೇ ಸಣ್ಣ ಹಿಡುವಳಿಗಳ ಮೇಲೆ ಒಂದು ಪ್ರಬಂಧ ಬರೆದರು. ಹಿಡುವಳಿ ಸಣ್ಣದೋ ದೊಡ್ಡದೋ ಅನ್ನುವುದು ಎಕರೆಯಿಂದ ತೀರ್ಮಾನವಾಗೋದಿಲ್ಲ, ಅದರ ಜೊತೆಗಿರುವ ಬಂಡವಾಳ, ದುಡಿಮೆ, ಉಪಕರಣಗಳಿಂದ ತೀರ್ಮಾನವಾಗುತ್ತದೆ ಅಂತ ಅವರ ವಾದ. ಹಸುವಿಗೂ ಇದೇ ಅನ್ವಯ. ಹತ್ತು ಗುಂಟೆ ಮೇವಿನ ನೆಲ, ಒಂದಿಷ್ಟು ನೀರು ಇಲ್ಲದೆ ಬರೀ ಹಸುವಿನ ಸಾಲ ಅಂದರೆ ಅರ್ಧ ಬಂಡವಾಳಕ್ಕೆ ಪೂರಾ ಬಡ್ಡಿ. ಅದಕ್ಕೇ ಅಂಬೇಡ್ಕರ್ ಅಭಿವೃದ್ಧಿ ನಿಗಮದ ಭೂ ಒಡೆತನ ಯೋಜನೆಯನ್ನು ಬಿಡಬೇಡಿ. ಭೂಮಿಯಿಲ್ಲದ ಪರಿಶಿಷ್ಟ ಜಾತಿಯ ಕೂಲಿ ಹೆಂಗಸರ ಹೆಸರಿಗೆ ಜಮೀನು ಕೊಡಿಸುವ ಯೋಜನೆ ಅದು, ಅರ್ಧ ಸಬ್ಸಿಡಿ, ಅರ್ಧ ಸಾಲ. ಅರ್ಜಿಗಳು ರಾಶಿ, ಮಂಜೂರಾಗೋದು ಬೆರಳೆಣಿಕೆ. ಸಾಲುಗಟ್ಟಿ ಕೇಳದಿದ್ದರೆ ಅದೂ ಇಲ್ಲ.

ಇದ್ದ ದರಖಾಸ್ತು ಜಮೀನು ಸಾಲಕ್ಕೆ ಭೋಗ್ಯ ಹೋಗಿದೆಯೇ? ಮನೆಯಲ್ಲಿ ಕೇಳಿ. 1978ರ ಪಿಟಿಸಿಎಲ್ ಕಾಯ್ದೆಯ ಪ್ರಕಾರ ಸರ್ಕಾರ ನಮಗೆ ಮಂಜೂರು ಮಾಡಿದ ಜಮೀನನ್ನು ಅನುಮತಿಯಿಲ್ಲದೆ ಸಾಹುಕಾರ ಕ್ರಯಕ್ಕೆ ಬರೆಸಿಕೊಂಡರೂ, ಭೋಗ್ಯಕ್ಕೆ ಹಿಡಿದರೂ ಅದು ಊರ್ಜಿತವಲ್ಲ. ಬಹಳ ವರ್ಷ ಕಳೆದುಹೋಯಿತು ಅನ್ನುವ ನೆಪ ನಿಲ್ಲದಂತೆ 2023ರಲ್ಲಿ ತಿದ್ದುಪಡಿಯೂ ಆಗಿದೆ. ಈ ಮೂರೂ ತಾಲ್ಲೂಕಿನ ಅರ್ಜಿ ಮಂಡ್ಯದ ಉಪವಿಭಾಗಾಧಿಕಾರಿಗೆ ಹೋಗಬೇಕು.

ಇನ್ನು ಬಾಗಿಲಿಗೆ ಬಂದು ಬಯ್ಯುವವರು. ರಿಸರ್ವ್ ಬ್ಯಾಂಕಿನ 2022ರ ನಿಯಮದಂತೆ ಮನೆಯ ಎಲ್ಲಾ ಸಾಲದ ಕಂತು ಸೇರಿ ತಿಂಗಳ ಆದಾಯದ ಅರ್ಧ ಮೀರಬಾರದು. ಬೆಳಿಗ್ಗೆ ಒಂಬತ್ತಕ್ಕೆ ಮುಂಚೆ, ಸಂಜೆ ಆರರ ಮೇಲೆ ವಸೂಲಿಗೆ ಬರಬಾರದು. 2025ರ ಆರಂಭದಲ್ಲಿ ನಮ್ಮ ಜಿಲ್ಲೆಯೂ ಸೇರಿ ಕಿರುಸಾಲದ ಕಿರುಕುಳಕ್ಕೆ ಜೀವಗಳು ಹೋದ ಮೇಲೆ, ಫೆಬ್ರವರಿಯಲ್ಲಿ ರಾಜ್ಯ ಸರ್ಕಾರ ಸುಗ್ರೀವಾಜ್ಞೆ ತಂದಿತು, ಆಮೇಲೆ ಅದು ಕಾಯ್ದೆಯಾಯಿತು. ಬಲವಂತದ ವಸೂಲಿಗೆ ಹತ್ತು ವರ್ಷದವರೆಗೆ ಜೈಲು. ನೋಂದಣಿ ಇಲ್ಲದ ಲೇವಾದೇವಿಯವರಿಗೆ ಅದು ಬಿಗಿ. ರಿಸರ್ವ್ ಬ್ಯಾಂಕಿನಲ್ಲಿ ನೋಂದಾಯಿಸಿದ ಕಂಪನಿಗಳು ಆ ಕಾಯ್ದೆಯ ಹೊರಗಿವೆ, ಅವರಿಗೆ 2022ರ ನಿಯಮವೇ ಲಗಾಮು. ಆದ್ದರಿಂದ ಯಾರ ಹತ್ತಿರ ಸಾಲ ಅನ್ನುವುದು ಮೊದಲು ಗೊತ್ತಾಗಬೇಕು. ನಮ್ಮ ಅವ್ವಂದಿರಲ್ಲಿ ಎಷ್ಟೋ ಜನಕ್ಕೆ ಕಂತು ಎತ್ತುವ ಹುಡುಗನ ಹೆಸರು ಗೊತ್ತು, ಕಂಪನಿಯ ಹೆಸರು ಗೊತ್ತಿಲ್ಲ.

ರಜೆಗೆ ಊರಿಗೆ ಹೋಗುವವರು ಟ್ರಂಕಿನ ತಳದಲ್ಲಿ, ಸೂರಿನ ಸಂದಿಯಲ್ಲಿ ಮಡಗಿರುವ ಕಾಗದಗಳನ್ನೆಲ್ಲ ತೆಗೆದು ಓದಿ. ಕಂತಿನ ಪುಸ್ತಕ, ಪಾಸ್‌ಬುಕ್ಕು, ಹಸುವಿನ ವಿಮೆ ರಸೀದಿ, ಕಿವಿಯೋಲೆಯ ನಂಬರು. ನಿಮ್ಮ ಮನೆಯದಷ್ಟೇ ಅಲ್ಲ, ಕೇರಿಯ ಹತ್ತು ಮನೆಯದ್ದು. ಒಂದು ನೋಟ್‌ಬುಕ್ಕಿನಲ್ಲಿ ಬರೆದುಕೊಂಡು ಮುಂದಿನ ಸಭೆಗೆ ತನ್ನಿ. ಆ ಮಳವಳ್ಳಿ ಹುಡುಗನ ಪುಸ್ತಕವನ್ನು ನಾವು ಆಗಲೇ ನೋಡಿದೆವು. ಅವರವ್ವ ಕಟ್ಟಿದ ಮೂರು ಕಂತು ಅದರಲ್ಲಿ ಏರಿಯೇ ಇಲ್ಲ.